ಕಬ್ಬಿಣದ ನೇಗಿಲು ಮತ್ತು ಆರ್ಥಿಕ ಮುಗ್ಗಟ್ಟು: 1930ರ ದಶಕದ ಕಿರ್ಲೋಸ್ಕರ್ ಕಾರ್ಖಾನೆ

ಕಬ್ಬಿಣದ ನೇಗಿಲಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಲಕ್ಷ್ಮಣರಾವ್ ಕಿರ್ಲೋಸ್ಕರರ (1869–1956) ಛಲವನ್ನು ಕೊಂಡಾಡಿ ನಿಲ್ಲುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದುದು, ಮೇವು ಕತ್ತರಿಸುವ ಯಂತ್ರ ತಯಾರಿಸಿದುದು, ಕಬ್ಬಿಣ ತಾಕಿದರೆ ಮಣ್ಣು ನಂಜಾಗುತ್ತದೆಂಬ ರೈತರ ಶಂಕೆಯನ್ನು ನಿವಾರಿಸಿದುದು, ಬೆಳಗಾವಿಯ ನೆಲೆ ಕೈತಪ್ಪಿದಾಗ ಔಂಧ್ ಸಂಸ್ಥಾನದ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದುದು ಸುಪರಿಚಿತ ಸಂಗತಿಗಳು. ನೇಗಿಲನ್ನು ಒಪ್ಪಿಕೊಂಡ ರೈತನ ಕೈಯೇ ಬರಿದಾದಾಗ ಕಾರ್ಖಾನೆ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ.

1929ರ ಜಾಗತಿಕ ಮುಗ್ಗಟ್ಟು ಹತ್ತಿ, ಜೋಳ, ಶೇಂಗಾಗಳ ಬೆಲೆಯನ್ನು ನೆಲಕಚ್ಚಿಸಿತು. ಕಂದಾಯವನ್ನೂ ಸಾಲದ ಬಡ್ಡಿಯನ್ನೂ ಮಾತ್ರ ನಗದಿನಲ್ಲಿಯೇ ತೆರಬೇಕಿತ್ತು. ಇಂಥ ಸಂದರ್ಭದಲ್ಲಿ ರೈತ ಮೊದಲು ಮುಂದೂಡುವುದು ಹೊಸ ಸಲಕರಣೆಯ ಖರೀದಿಯನ್ನು. ಎರೆಭೂಮಿಯ ಆಳದ ಕರಿಕೆ ಕೀಳಲು ಭಾರವಾದ ನೇಗಿಲು ಬೇಕು, ಅದನ್ನೆಳೆಯಲು ಹಲವು ಜೋಡಿ ಎತ್ತುಗಳು ಬೇಕು. ಅಲ್ಲದೆ ಒಮ್ಮೆ ಕೊಂಡ ನೇಗಿಲು, ಕುಳ ಬದಲಿಸಿದರೆ ವರ್ಷಾನುಗಟ್ಟಲೆ ಬಾಳುತ್ತದೆ. ಗಟ್ಟಿಮುಟ್ಟಾದ ಸರಕೇ ಅದನ್ನು ತಯಾರಿಸಿದವನಿಗೆ ತೊಡಕಾಗುವುದು ಹೀಗೆ.

ಕಾರ್ಖಾನೆಯನ್ನು ಕಾಪಾಡಿದ್ದು ನೇಗಿಲಿಗಿಂತ ಹೆಚ್ಚಾಗಿ ಅದನ್ನು ಎರಕ ಹೊಯ್ಯುತ್ತಿದ್ದ ಮೂಸೆಮನೆ ಎಂಬುದು ನನ್ನ ಅಭಿಪ್ರಾಯ. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಇವೆಲ್ಲಕ್ಕೂ ಅದೇ ಎರಕ, ಅದೇ ಕುಶಲಕರ್ಮಿಗಳು ಸಾಕಿದ್ದರು. ಪಂಪಿನ ತಯಾರಿಕೆ 1926ರಲ್ಲಿಯೇ ಆರಂಭವಾಗಿತ್ತು. 1932ರಲ್ಲಿ ಸರ್ಕಾರ ಸಕ್ಕರೆ ಉದ್ಯಮಕ್ಕೆ ಸಂರಕ್ಷಣಾ ಸುಂಕ ವಿಧಿಸಿದ ಮೇಲೆ ದೇಶದಲ್ಲಿ ಕಬ್ಬಿನ ಬೇಸಾಯ ವಿಸ್ತರಿಸಿತು. ಉಳಿದ ಬೆಳೆಗಳು ಸೋತಾಗಲೂ ನೀರಾವರಿ ರೈತನಿಗೆ ಗಾಣವೂ ಪಂಪೂ ಬೇಕಾಗಿದ್ದವು.

ಅಷ್ಟೇ ಮುಖ್ಯವಾದುದು ಗಿರಾಕಿಯ ಬದಲಾವಣೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿ 1926ರಲ್ಲಿ ಪದವಿ ಪಡೆದು ಬಂದ ಮಗ ಶಂತನುರಾಯರ ಕಾಲದಲ್ಲಿ ಉಕ್ಕಿನ ಪೀಠೋಪಕರಣಗಳೂ ತಯಾರಾದವು. ಇವನ್ನು ಕೊಳ್ಳುವವರ ಆದಾಯ ಮಳೆಯನ್ನಾಗಲಿ ಹತ್ತಿಯ ಧಾರಣೆಯನ್ನಾಗಲಿ ನೇರವಾಗಿ ಅವಲಂಬಿಸಿರಲಿಲ್ಲ. (ನೇಗಿಲಿನ ಪ್ರಚಾರಕ್ಕೆಂದು 1920ರಲ್ಲಿ ಹುಟ್ಟಿದ ‘ಕಿರ್ಲೋಸ್ಕರ್ ಖಬರ್’ ಸಹ ಕ್ರಮೇಣ ಸಾಮಾನ್ಯ ಓದುಗರ ಮರಾಠಿ ಮಾಸಿಕವಾಗಿ ಬೆಳೆದುದನ್ನು ಇಲ್ಲಿ ನೆನೆಯಬಹುದು.) ಮುಂದೆ ಲೇತ್ ತಯಾರಿಕೆಗೆಂದೇ 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ರೈತನ ಅಂಗಳದಿಂದ ಆರಂಭವಾದ ಉದ್ಯಮ ತುಂಗಭದ್ರೆಯ ದಡಕ್ಕೆ ಬಂದಾಗ ಅದರ ಕೈಯಲ್ಲಿದ್ದುದು ನೇಗಿಲಲ್ಲ, ಯಂತ್ರಗಳನ್ನು ರೂಪಿಸುವ ಯಂತ್ರ.