ಮೂರ್‌ಹೌಸನ ಸ್ಮಾರಕ ಮತ್ತು ಬೆಂಗಳೂರು ಕಾಳಗದ ನೆನಪು

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿರುವ ಸೇಂಟ್ ಮೇರಿ ಚರ್ಚು 1680ರಷ್ಟು ಹಳೆಯದು. ಅಲ್ಲಿರುವ ಸ್ಮಾರಕಗಳ ಪೈಕಿ ಒಂದು ಕನ್ನಡ ನಾಡಿನ ಚರಿತ್ರೆಗೆ ನೇರವಾಗಿ ಸಂಬಂಧಿಸಿದೆ. ಅದು ಮದರಾಸು ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್ ಜೋಸೆಫ್ ಮೂರ್‌ಹೌಸನದು. ಕಡೆದವನು ಶಿಲ್ಪಿ ಚಾರ್ಲ್ಸ್ ಪಿಯರ್ಟ್. ಸ್ಮಾರಕ ಮದರಾಸಿನಲ್ಲಿದ್ದರೂ ಆತ ಮಡಿದದ್ದು ಬೆಂಗಳೂರಿನ ಪೇಟೆಯ ಬಾಗಿಲಲ್ಲಿ.

ಮೂರನೆಯ ಆಂಗ್ಲೋ–ಮೈಸೂರು ಯುದ್ಧದ ಕಾಲವದು. 1791ರ ಮಾರ್ಚ್ ಮೊದಲ ವಾರದಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಮುಂದೆ ಬೀಡುಬಿಟ್ಟಿತು. ಮಾರ್ಚ್ 7ರಂದು ಪೇಟೆಯ ಮೇಲೆ ದಾಳಿ ನಡೆಯಿತು. ಬಾಗಿಲನ್ನು ಒಡೆಯುವ ಹೊತ್ತಿನಲ್ಲಿ ಮೂರ್‌ಹೌಸ್ ಗುಂಡೇಟಿಗೆ ಬಲಿಯಾದನು. ಸಾಮಾನ್ಯ ಸಿಪಾಯಿಯಾಗಿ ಸೇರಿ ಕರ್ನಲ್ ಪದವಿಯವರೆಗೆ ಏರಿದವನೆಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಅವನನ್ನು ಮೆಚ್ಚಿ ನೆನೆಯುತ್ತಾನೆ. ಎರಡು ವಾರಗಳ ಬಳಿಕ, ಮಾರ್ಚ್ 21ರ ರಾತ್ರಿ, ಕೋಟೆಯೂ ಬಿದ್ದಿತು.

ಸ್ಮಾರಕ ದೂರದ ಮದರಾಸಿಗೆ ಹೋದುದಕ್ಕೆ ಕಾರಣ ಸರಳ. ಅಂದು ಬೆಂಗಳೂರು ಕಂಪನಿಯ ನೆಲವಲ್ಲ. ಇಲ್ಲಿ ಅದರ ಚರ್ಚೂ ಇರಲಿಲ್ಲ. ಹಲಸೂರಿನ ಆಸುಪಾಸಿನಲ್ಲಿ ದಂಡುಪ್ರದೇಶ ರೂಪುಗೊಂಡದ್ದು 1809ರ ಸುಮಾರಿಗೆ. ಸೇಂಟ್ ಮಾರ್ಕ್ಸ್ ಚರ್ಚು 1812ರಲ್ಲಿ, ಟ್ರಿನಿಟಿ ಚರ್ಚು 1851ರಲ್ಲಿ ಪೂರ್ಣಗೊಂಡವು. ಬೆಂಗಳೂರಿನ ದಂಡು ಹುಟ್ಟುವ ಮೊದಲೇ ಅದರ ಪೂರ್ವಚರಿತ್ರೆಯ ಒಂದು ಪುಟ ಮದರಾಸಿನ ಕಲ್ಲಿನಲ್ಲಿ ಬರೆಯಲ್ಪಟ್ಟಿತ್ತು.

ಸೇನೆಯೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೂರ್‌ಹೌಸನ ಸಾವನ್ನು ದೊಡ್ಡ ತೈಲಚಿತ್ರವಾಗಿಸಿದನು. ಅದು ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಹೀಗೆ ಒಬ್ಬ ಅಧಿಕಾರಿಯ ಮರಣಕ್ಕೆ ಕಲ್ಲೂ ಬಣ್ಣವೂ ದೊರೆತವು. ಅದೇ ಬಾಗಿಲಲ್ಲಿ, ಅದೇ ಬೀದಿಗಳಲ್ಲಿ ಮಡಿದ ಮೈಸೂರಿನ ಕಾಲಾಳುಗಳಿಗೂ ಕಂಪನಿಯ ದೇಶೀ ಸಿಪಾಯಿಗಳಿಗೂ ಇಂಥ ಭಾಗ್ಯವಿರಲಿಲ್ಲ.

ಎದುರು ಪಕ್ಷದಲ್ಲಿ ಹೆಸರು ಉಳಿದವನು ಕಿಲ್ಲೇದಾರ ಬಹಾದೂರ್ ಖಾನ್. ಕೋಟೆಯನ್ನು ಕಾಯುತ್ತ ಹೋರಾಡಿ ಸತ್ತ ಆ ವೃದ್ಧನ ದೇಹವನ್ನು ಕಾರ್ನ್‌ವಾಲಿಸ್ ಟಿಪ್ಪುವಿಗೆ ಒಪ್ಪಿಸಲು ಮುಂದಾದನು. ಬಿದ್ದಲ್ಲಿಯೇ ಸಂಸ್ಕಾರವಾಗಲೆಂದು ಟಿಪ್ಪು ತಿಳಿಸಿದನು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ದರ್ಗಾ ಅವನದೆಂದು ಜನ ನಂಬುತ್ತಾರೆ. ಅದನ್ನು ಉಳಿಸಿದ್ದು ರಾಜ್ಯಾಧಿಕಾರವಲ್ಲ, ಜನರ ಭಕ್ತಿ. ಇದೇ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ನಗರದಲ್ಲಿ ನಿಲ್ಲಿಸಿದ್ದ ಎತ್ತರದ ಸ್ತಂಭದ ಗತಿ ಬೇರೆಯಾಯಿತು. ಪರಕೀಯ ಆಳ್ವಿಕೆಯ ಗುರುತೆಂಬ ಚಳವಳಿಯ ಒತ್ತಾಯದಿಂದ 1964ರಲ್ಲಿ ಅದನ್ನು ಕೆಡವಲಾಯಿತು.

ಆ ಸಿಟ್ಟು ಅರ್ಥವಾಗುವಂಥದೇ. ಗೆದ್ದವರ ಹೊಗಳಿಕೆಯನ್ನು ಸೋತವರ ಊರಿನ ನಡುವೆ ನಿಲ್ಲಿಸುವುದು ಅಧಿಕಾರದ ಪ್ರದರ್ಶನವೇ ಸರಿ. ಆದರೆ ಶಾಸನಗಳ ಅಭ್ಯಾಸಿಗೆ ಇನ್ನೊಂದು ಹೊಣೆಯಿದೆ. ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ಕಲ್ಲೊಂದು ಬೆಂಗಳೂರು ಕಾಳಗದಲ್ಲಿ ಮಡಿದ ನಾಗತ್ತರನ ಬಳಗದವನನ್ನು ನೆನೆಯುತ್ತದೆ. ಆ ಕಾಳಗದಲ್ಲಿ ನ್ಯಾಯ ಯಾರದೆಂದು ಇಂದು ಯಾರೂ ಕೇಳುವುದಿಲ್ಲ. ಆದರೂ ಅದು ಉಳಿದುದರಿಂದಲೇ ‘ಬೆಂಗಳೂರು’ ಎಂಬ ಹೆಸರಿನ ಪ್ರಾಚೀನತೆ ನಮಗೆ ತಿಳಿದಿದೆ.

ವೀರಗಲ್ಲೂ ಹೊಗಳಿಕೆಯೇ, ಚರ್ಚಿನ ಅಮೃತಶಿಲೆಯೂ ಹೊಗಳಿಕೆಯೇ. ಹೊಗಳಿಕೆಯನ್ನು ಒಪ್ಪದೆಯೂ ಸಾಕ್ಷ್ಯವನ್ನು ಕಾಪಾಡಬಹುದು. ಮೂರ್‌ಹೌಸನ ಸ್ಮಾರಕವನ್ನು ಬೆಂಗಳೂರಿನ ಶಾಸನಗಳ ಸಾಲಿನಲ್ಲಿಟ್ಟು ಓದಿದಾಗ, ಅದು ಹೇಳುವ ಒಂದು ಹೆಸರಿನ ಜೊತೆಗೆ ಹೇಳದೆ ಬಿಟ್ಟ ಅಸಂಖ್ಯ ಹೆಸರುಗಳೂ ವಿಚಾರಕ್ಕೆ ಬರುತ್ತವೆ.