ಮೊದಲು ನುಂಗಿದವರು

ನಮ್ಮ ಚಿಕ್ಕಮ್ಮ ದಿನಾ ರಾತ್ರಿ ಮುದ್ದೆ ಉಂಡ ಮೇಲೆ ಒಂದು ಮಾತ್ರೆ ನುಂಗುತ್ತಾಳೆ. ಇಮ್ಯಾಟಿನಿಬ್ ಅಂತ ಅದರ ಹೆಸರು, 400 ಮಿಲಿಗ್ರಾಂ. ರಕ್ತದ ಕ್ಯಾನ್ಸರು ಅಂತ ಡಾಕ್ಟರು ಹೇಳಿ ಆರು ವರ್ಷವಾಯಿತು. ಕಳೆ ಕೀಳೋಕೆ, ನಾಟಿ ಹಾಕೋಕೆ ಹೋಗೋದನ್ನ ಆಕೆ ಬಿಟ್ಟಿಲ್ಲ. ಒಂದು ಸಲ ಕೇಳಿದಳು: "ಇದನ್ನ ಎಲ್ರಿಗಿಂತ ಮೊದ್ಲು ನುಂಗ್ದೋರು ಯಾರು ಮಗಾ? ಇಸವೋ ಮದ್ದೋ ಅಂತ ಅವರಿಗೆ ಹೆಂಗೆ ಗೊತ್ತಾಯ್ತು?"

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನು. ಪಾಣಿಪತ್ತಿನ ಮೂರು ಯುದ್ಧದ ಇಸವಿಗಳೂ ಬಾಯಿಪಾಠ. ಇದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ಹುಡುಕಬೇಕಾಯಿತು.

ಕಥೆ ಅಮೆರಿಕದ್ದು. 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫರ್ಡ್ ಈ ರೋಗಿಗಳ ರಕ್ತಕಣದಲ್ಲಿ ಒಂದು ಮೋಟು ಕ್ರೋಮೋಸೋಮನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಎಂಬ ವೈದ್ಯೆ, 9ನೆಯ ಮತ್ತು 22ನೆಯ ಕ್ರೋಮೋಸೋಮುಗಳು ತಂತಮ್ಮ ತುಂಡನ್ನು ಅದಲುಬದಲು ಮಾಡಿಕೊಂಡಿವೆ ಎಂದು ತೋರಿಸಿದಳು. ತಪ್ಪಾಗಿ ಕೂಡಿಕೊಂಡ ಆ ಜಾಗದಿಂದ ಒಂದು ಕಿಣ್ವ ಹುಟ್ಟುತ್ತದೆ. ಸ್ವಿಚ್ಚು ಕಚ್ಚಿಕೊಂಡ ಪಂಪ್‌ಸೆಟ್ಟಿನ ಹಾಗೆ ಅದು ನಿಲ್ಲುವುದೇ ಇಲ್ಲ. ಬಿಳಿ ರಕ್ತಕಣ ಹುಟ್ಟುತ್ತಲೇ ಹೋಗುತ್ತವೆ. ಹಳೆಯ ಕ್ಯಾನ್ಸರ್ ಮದ್ದುಗಳು ಕಳೆ ಸಾಯಲಿ ಅಂತ ಹೊಲಕ್ಕೇ ಬೆಂಕಿ ಇಟ್ಟಂತೆ. ಇಮ್ಯಾಟಿನಿಬ್ ಹಾಗಲ್ಲ, ಸೀದಾ ಹೋಗಿ ಆ ಕಿಣ್ವದ ಬಾಯಿಗೆ ಬಿರಡೆ ಹಾಕಿ ಕೂರುತ್ತದೆ.

ಮದ್ದು ತಯಾರಾದದ್ದು ಸ್ವಿಟ್ಜರ್‌ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ. ಈ ರೋಗಕ್ಕೆ ಅದೇ ಸರಿ ಎಂದು ಬೆನ್ನು ಹತ್ತಿದವನು ಆರೆಗಾನಿನ ಪೋರ್ಟ್‌ಲೆಂಡ್ ಆಸ್ಪತ್ರೆಯ ಡಾಕ್ಟರ್ ಬ್ರಯನ್ ಡ್ರೂಕರ್. 1996ರಲ್ಲಿ ಆ ಕಂಪನಿ ಸ್ಯಾಂಡೋಜ್ ಜೊತೆ ಕೂಡಿ ನೊವಾರ್ಟಿಸ್ ಆಯಿತು. ಕಂಪನಿ ಹಿಂದೆ ಮುಂದೆ ನೋಡಿತು. ನಾಯಿಗಳ ಮೇಲೆ ಪರೀಕ್ಷಿಸಿದಾಗ ಲಿವರಿಗೆ ಪೆಟ್ಟು ಬಿದ್ದಿತ್ತು. ಜೊತೆಗೆ ಅಮೆರಿಕದಲ್ಲಿ ವರ್ಷಕ್ಕೆ ಕೆಲವೇ ಸಾವಿರ ಹೊಸ ರೋಗಿಗಳು. ಇಷ್ಟು ಸಣ್ಣ ಸಂತೆಗೆ ಗಾಡಿ ಕಟ್ಟುವುದೆ? ಕೊನೆಗೆ 1998ರ ಜೂನಿನಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ಪೋರ್ಟ್‌ಲೆಂಡ್, ಲಾಸ್ ಏಂಜಲೀಸ್, ಹ್ಯೂಸ್ಟನ್, ಮೂರು ಕಡೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಹಂತದ ಪ್ರಯೋಗ ಇರುವುದು ರೋಗ ವಾಸಿ ಮಾಡೋಕಲ್ಲ. ಎಷ್ಟು ಕೊಟ್ಟರೆ ಮನುಷ್ಯನ ಮೈ ತಡೆಯುತ್ತದೆ ಅಂತ ಅಳೆಯೋಕೆ. ಮೊದಲ ಗುಂಪಿಗೆ ಎಷ್ಟು ಕಮ್ಮಿ ಕೊಡುತ್ತಾರೆಂದರೆ, ಅದರಿಂದ ಅವರ ರೋಗ ಹೋಗುವ ನಿರೀಕ್ಷೆ ಯಾರಿಗೂ ಇರುವುದಿಲ್ಲ. ಅವರು ತಡೆದುಕೊಂಡರೆ ಮುಂದಿನ ಗುಂಪಿಗೆ ಇನ್ನಷ್ಟು. ಇಲ್ಲಿ ದಿನಕ್ಕೆ 25 ಮಿಲಿಗ್ರಾಂನಿಂದ ಶುರುವಾಗಿ 1000ದವರೆಗೆ ಏರಿತು. ಒಟ್ಟು 83 ಜನ. ಎಲ್ಲರೂ ಇಂಟರ್‌ಫೆರಾನ್ ಎಂಬ ಆಗಿನ ಮದ್ದು ಫಲಿಸದೆ ಇದ್ದವರು, ಇಲ್ಲವೇ ಅದನ್ನು ತಾಳಲಾರದವರು. 25 ನುಂಗಿದವರ ಹೆಗಲ ಮೇಲೆ 300 ನುಂಗಿದವರು ನಿಂತರು. 300 ಮತ್ತು ಅದಕ್ಕಿಂತ ಹೆಚ್ಚು ತಗೊಂಡ 54 ಜನರಲ್ಲಿ 53 ಜನರ ರಕ್ತದ ಲೆಕ್ಕ ಸರಿಹೋಯಿತು, ಬಹಳ ಮಂದಿಗೆ ನಾಲ್ಕೇ ವಾರದಲ್ಲಿ.

ಅವರಿಗೆ ವಿಷಯ ತಿಳಿಸಿ ಸಹಿ ಹಾಕಿಸಿಕೊಂಡಿದ್ದರು, ಇದು ನಿಜ. ಅದೇ ದೇಶದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ಸುಮಾರು 400 ಬಡ ಕಪ್ಪು ಜನರಿಗೆ ರೋಗದ ಹೆಸರು ಹೇಳಲಿಲ್ಲ. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ನೋಡುತ್ತ ಕೂತಿತ್ತು. ಇವತ್ತಿನ ಒಪ್ಪಿಗೆ ಪತ್ರದ ಕಾನೂನಿನ ಹಿಂದೆ ಆ ಹೆಣಗಳಿವೆ. ಆದರೂ ಬೇರೆ ದಾರಿಯೇ ಇಲ್ಲದವನ ಸಹಿ ಎಷ್ಟರಮಟ್ಟಿಗೆ ಅವನದು? ಸಾಲದ ಪತ್ರಕ್ಕೆ ನಮ್ಮಪ್ಪ ಒತ್ತಿದ ಹೆಬ್ಬೆಟ್ಟೂ ಒಪ್ಪಿಗೆಯೇ ಆಗಿತ್ತು.

ಸುದ್ದಿ ರೋಗಿಗಳ ನಡುವೆ ಹಬ್ಬಿತು. ಕಂಪನಿಯ ಬಳಿ ಸಾಕಷ್ಟು ಮದ್ದಿರಲಿಲ್ಲ. 1999ರಲ್ಲಿ ಕೆನಡಾದ ಮಾಂಟ್ರಿಯಲ್ಲಿನ ಒಬ್ಬ ರೋಗಿ ಹೆಣ್ಣುಮಗಳು ಮೂರು ಸಾವಿರಕ್ಕೂ ಮಿಕ್ಕಿ ಸಹಿ ಕೂಡಿಸಿ ಕಂಪನಿಯ ಯಜಮಾನನಿಗೇ ಅರ್ಜಿ ಕಳಿಸಿದಳು. ತಯಾರಿಕೆ ಹೆಚ್ಚಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಪರವಾನಗಿ ಕೊಟ್ಟಿತು. ರೋಗ ಕಡೆಯ ಹಂತ ಮುಟ್ಟಿದ್ದ ಬಹಳ ಜನರಲ್ಲಿ ಮಾತ್ರ ಮದ್ದು ಹೆಚ್ಚು ದಿನ ನಿಲ್ಲಲಿಲ್ಲ. ಹಾಗೆ ರೋಗ ಮರುಕಳಿಸಿದವರ ರಕ್ತವನ್ನೇ ಪರೀಕ್ಷಿಸಿ, ಕಿಣ್ವ ಹೇಗೆ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತದೆ ಎಂದು ಕಂಡುಕೊಂಡರು. ಆ ತಿಳಿವಳಿಕೆಯಿಂದ ಮುಂದಿನ ಮದ್ದು ದಾಸಾಟಿನಿಬ್ 2006ರಲ್ಲಿ ಬಂತು. ಬದುಕಿದವರಷ್ಟೇ ಅಲ್ಲ, ಸತ್ತವರೂ ಈ ಕೆಲಸದಲ್ಲಿ ದುಡಿದಿದ್ದಾರೆ.

ಕೂಲಿ ಯಾರಿಗೆ ಸಂದಿತು? ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಡಾಲರಿಗೆ ಶುರುವಾದ ಬೆಲೆ 2012ರ ಹೊತ್ತಿಗೆ 92,000ಕ್ಕೆ ಏರಿತ್ತು. ಭಾರತದಲ್ಲಿ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ಅದೇ ಮದ್ದನ್ನು ನಮ್ಮ ದೇಶದ ಕಂಪನಿಗಳು 8,000 ಚಿಲ್ಲರೆಗೆ ಮಾರುತ್ತಿದ್ದವು. ಈ ಬೆಲೆ ತನಗೆ ಕಸಿವಿಸಿ ತಂದಿದೆಯೆಂದು ಡ್ರೂಕರನೇ 2007ರಲ್ಲಿ ಭಾರತದ ಪತ್ರಿಕೆಯೊಂದರಲ್ಲಿ ಬರೆದ. ಕಂಪನಿ ಸಾವಿರಾರು ಬಡವರಿಗೆ ಪುಕ್ಕಟೆ ಕೊಟ್ಟಿದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಆದರೆ ದಾನ ಕೊಡೋನು ಬೇಡ ಅಂದ ದಿನ ಏನು ಮಾಡೋದು?

2006ರಲ್ಲಿ ಮದ್ರಾಸಿನ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ವಿರೋಧಿಸಿದವರಲ್ಲಿ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೂ ಇತ್ತು. ಗೊತ್ತಿರುವ ಮದ್ದಿಗೇ ಹೊಸ ರೂಪ ಕೊಟ್ಟರೆ ಸಾಲದು, ಅದು ಹೆಚ್ಚು ಗುಣ ಕೊಡಬೇಕು ಎಂಬುದು ನಮ್ಮ ಕಾನೂನಿನ 3(ಡಿ) ಕಲಮು. ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ಅಲ್ಲೂ ಸೋತಿತು.

ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿದೆ. ಕೋರ್ಟಿನ ವಿಷಯ ಅರ್ಧ ಕೇಳಿದಳು. 25ರವರ ವಿಷಯ ಮಾತ್ರ ಮತ್ತೆ ಹೇಳು ಅಂದಳು. ಈಗ ಆಕೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ತಿಂಗಳಿಗೊಂದು ಸಲ ಬೆಳಗಿನ ಮೊದಲ ಬಸ್ಸು, ಆ ದಿನದ ಕೂಲಿ ಹೋಯಿತು.