ಕುತ್ಖನೆಂಬ ಕಾಕದೇವತೆ

ತನ್ನನ್ನು ಸೃಷ್ಟಿಸಿದವನನ್ನೇ ಪರಿಹಾಸ ಮಾಡುವ ಜನಾಂಗವು ಲೋಕದಲ್ಲಿ ಉಂಟೆ? ಉಂಟು. ಏಷ್ಯಾಖಂಡದ ಈಶಾನ್ಯದ ಅಂಚಿನಲ್ಲಿ ಕಮ್‌ಚಾಟ್ಕವೆಂಬ ಪರ್ಯಾಯದ್ವೀಪವಿದೆ. ಅದರ ಪ್ರಾಚೀನ ನಿವಾಸಿಗಳು ಇತೆಲ್ಮೆನ್ ಜನರು; ರಷ್ಯನರು ಇವರನ್ನು ಕಮ್‌ಚದಾಲರೆಂದು ಕರೆದರು. ಇವರ ನಾಡಿನಲ್ಲಿ 15,000 ಅಡಿಗಳನ್ನು ಮೀರಿದ ಅಗ್ನಿಪರ್ವತವಿರುವುದು, ಚಳಿಗಾಲವು ದೀರ್ಘವಾದುದು. ಪೂರ್ವದಲ್ಲಿ ಇವರು ಆ ಕಾಲವನ್ನು ನೆಲದೊಳಗೆ ಅರ್ಧ ಹುದುಗಿದ ಮನೆಗಳಲ್ಲಿ ಕಳೆಯುತ್ತಿದ್ದರು. ಹೊಗೆ ಹೋಗುವ ಮಾಳಿಗೆಯ ಕಂಡಿಯೇ ಅವಕ್ಕೆ ಬಾಗಿಲು, ಏಣಿಯಿಂದ ಇಳಿಯಬೇಕು. ಒಣಗಿಸಿದ ಸಾಲ್ಮನ್ ಮೀನೇ ಆಹಾರ. ನಾಯಿಗಳು ಎಳೆಯುವ ಜಾರುಬಂಡಿಯೇ ವಾಹನ.

ಈ ಜನರ ಸೃಷ್ಟಿಕರ್ತನು ಕುತ್ಖ. ಅವನು ಕಾಕರೂಪಿ, ಸಂಸ್ಕೃತದಲ್ಲಿ ದ್ರೋಣಕಾಕವೆಂದು ಹೆಸರಾದ ದೊಡ್ಡ ಕರಿಯ ಕಾಗೆಯ ರೂಪದವನು. ಕುರೀಲ್ ಸರೋವರದ ಸಮೀಪದಲ್ಲಿ ನಿಂತಿರುವ ಬಿಳಿಯ ಕಲ್ಲುಗಳು ಅವನು ನಿಲ್ಲಿಸಿ ಹೋದ ದೋಣಿಗಳೆಂದು ಪ್ರತೀತಿ. ಇಂಥವನಿಗೆ ಪೂಜೆ ಪುರಸ್ಕಾರಗಳು ಸಲ್ಲುತ್ತಿದ್ದುವೆಂದು ವಾಚಕರು ಊಹಿಸಬಹುದು. ಸಂಗತಿಯು ಅದಕ್ಕೆ ವಿಪರೀತವಾದುದು.

1737ರಿಂದ 1741ರ ವರೆಗೆ ಈ ನಾಡಿನಲ್ಲಿ ಸಂಚರಿಸಿದ ಕ್ರಷೆನಿನ್ನಿಕೋವನ ಗ್ರಂಥವು 1755ರಲ್ಲಿ ಸಿದ್ಧವಾಯಿತು; 1740ರಲ್ಲಿ ಬಂದ ಜರ್ಮನ್ ಪ್ರಕೃತಿಶಾಸ್ತ್ರಜ್ಞ ಸ್ಟೆಲ್ಲರನ ಗ್ರಂಥವು ಅವನು ತೀರಿಕೊಂಡ ಬಳಿಕ 1774ರಲ್ಲಿ ಅಚ್ಚಾಯಿತು. ಇವರಿಬ್ಬರೂ ಕಂಡುದು ಒಂದೇ: ಇತೆಲ್ಮೆನ್ ಜನರು ಕುತ್ಖನಿಗಿಂತ ತಾವೇ ಜಾಣರೆಂದು ಎಣಿಸಿದ್ದರು. ಅವನಿಗೆ ಬುದ್ಧಿಯಿದ್ದಿದ್ದರೆ ಇಷ್ಟೊಂದು ದುರ್ಗಮವಾದ ಬೆಟ್ಟಗಳನ್ನೂ ರಭಸದ ಹೊಳೆಗಳನ್ನೂ ಏಕೆ ಮಾಡುತ್ತಿದ್ದನು ಎಂಬುದು ಅವರ ಆಕ್ಷೇಪಣೆ. ಜಾರುಬಂಡಿಯಲ್ಲಿ ಕಡಿದಾದ ಬೆಟ್ಟವನ್ನು ಹತ್ತಿಳಿಯುವಾಗ ಅವನನ್ನು ಬೈಯದೆ ಇರುತ್ತಿರಲಿಲ್ಲ. ಕಥೆಗಳಲ್ಲಿಯೂ ಅವನಿಗಿಂತ ಅವನ ಹೆಂಡತಿಯೇ ವಿವೇಕಶಾಲಿನಿ.

ಇದನ್ನು ಕೇಳಿದ ಪರದೇಶೀಯರು ಈ ಜನರಲ್ಲಿ ದೈವಭಕ್ತಿಯು ಲವಲೇಶವೂ ಇಲ್ಲವೆಂದು ತೀರ್ಮಾನಿಸಿದರು. ಈ ತೀರ್ಮಾನವು ಸರಿಯೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ. ನಮ್ಮ ಸಾಹಿತ್ಯದಲ್ಲಿ ನಿಂದಾಸ್ತುತಿಯುಂಟು. ಅಲ್ಲಿ ಮೇಲೆ ನಿಂದೆ, ಒಳಗೆ ಸ್ತುತಿ. ಕುತ್ಖನ ನಿಂದೆಯೊಳಗೆ ಅಂತಹ ಗುಪ್ತವಾದ ಸ್ತುತಿಯು ಕಾಣುವುದಿಲ್ಲ. ಆದುದರಿಂದ ಉತ್ತರವನ್ನು ಬೇರೆಡೆ ಅರಸಬೇಕು.

ಅದು ದೊರೆಯುವುದು ಇವರ ಉತ್ತರದ ನೆರೆಯವರಾದ ಕೊರ್ಯಾಕರಲ್ಲಿ. ಇವರ ಭಾಷೆಯು ಇತೆಲ್ಮೆನ್ ಭಾಷೆಗೆ ಬಂಧುವೆಂದು ಅನೇಕ ಪಂಡಿತರ ಮತ. ಇವರಲ್ಲಿಯೂ ಮಹಾಕಾಕನೆಂಬ ಅರ್ಥದ ಹೆಸರುಳ್ಳ ಅಂಥದೇ ಪುರುಷನಿದ್ದಾನೆ. ಕ್ರಾಂತಿಕಾರರೊಡನೆ ಸೇರಿದುದಕ್ಕಾಗಿ ಸೈಬೀರಿಯಕ್ಕೆ ಗಡೀಪಾರಾಗಿದ್ದ ಯೋಖೆಲ್ಸನ್ ಮತ್ತು ಬೊಗೊರಾಸ್ ಎಂಬ ವಿದ್ವಾಂಸರು 1900-01ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿ ಅವನ ಕಥೆಗಳನ್ನು ಸಂಗ್ರಹಿಸಿದರು. ಒಂದು ಕಥೆಯಲ್ಲಿ ಮಹಾಕಾಕನು ಇಲಿಗಳಿಗೆ ಸಿಕ್ಕಿದ ಸೀಲ್ ಪ್ರಾಣಿಯನ್ನು ಅಪಹರಿಸುತ್ತಾನೆ. ಅವನು ನಿದ್ರಿಸುತ್ತಿರುವಾಗ ಇಲಿಗಳು ಅವನ ರೆಪ್ಪೆಗಳಿಗೆ ಕೆಂಪಾದುದನ್ನು ಅಂಟಿಸುತ್ತವೆ. ಕಣ್ಣು ತೆರೆದವನಿಗೆ ಎಲ್ಲವೂ ಕೆಂಪು. ಮನೆಗೆ ಬೆಂಕಿ ಬಿದ್ದಿತೆಂದು ಹೆಂಡತಿಗೆ ಕೂಗಿ ಹೇಳುತ್ತಾನೆ! ಮತ್ತೊಂದು ಕಥೆಯಲ್ಲಿ ಮಳೆಯು ನಿಲ್ಲದೆ ಸುರಿಯುತ್ತಿರಲು ಅವನು ಮಗನೊಡನೆ ಆಕಾಶಕ್ಕೆ ಹೋಗಿ, ಮಳೆ ತರಿಸುವ ಡೋಲನ್ನು ಬಾರಿಸುತ್ತಿದ್ದ ದೇವದಂಪತಿಗಳನ್ನು ಉಪಾಯದಿಂದ ಮಲಗಿಸಿ, ಆ ಡೋಲನ್ನು ಬೆಂಕಿಗೆ ಹಿಡಿದು ಒಣಗಿಸಿ ಬರುತ್ತಾನೆ; ಆಕಾಶವು ತಿಳಿಯಾಗುತ್ತದೆ. ಈ ಕಥೆಯನ್ನು ಮಳೆ ಹಿಮಗಳು ಕಾಡುವಾಗಲೇ ಹೇಳತಕ್ಕದ್ದೆಂದು ಅವರ ನಿಯಮವಿದ್ದಿತು.

ಈ ನಿಯಮದಲ್ಲಿಯೇ ರಹಸ್ಯವು ಅಡಗಿರುವುದು. ಇಲಿಗಳಿಗೆ ಸೋತ ಮೂಢನೂ ಬಿರುಗಾಳಿಯನ್ನು ಅಡಗಿಸಿದ ಧೀರನೂ ಒಬ್ಬನೇ. ರೋಗಿಯ ಬಳಿ ಉಚ್ಚರಿಸುತ್ತಿದ್ದ ಮಂತ್ರಗಳಲ್ಲಿಯೂ ಮಹಾಕಾಕನು ಹಿಂದೆ ಹೇಗೆ ಗುಣಪಡಿಸಿದನೆಂಬ ವೃತ್ತಾಂತವೇ ಇರುತ್ತಿತ್ತು. ಪರಿಹಾಸಕ್ಕೆ ಪಾತ್ರನಾದವನನ್ನೇ ಆಪತ್ತಿನಲ್ಲಿ ಸ್ಮರಿಸಿದ ಮೇಲೆ ಅದನ್ನು ನಾಸ್ತಿಕತ್ವವೆನ್ನುವುದು ಹೇಗೆ? ಹಸಿವು, ಮೋಸ, ಚಳಿ ಇವುಗಳನ್ನು ತಮ್ಮಂತೆಯೇ ಅನುಭವಿಸಿದ ಹಿರಿಯನೊಬ್ಬನೊಡನೆ ಇದ್ದ ಸಲಿಗೆಯೇ ಅದೆಂದು ತೋರುತ್ತದೆ. ಭಯವನ್ನೇ ಭಕ್ತಿಯೆಂದು ತಿಳಿದು ಬಂದವರಿಗೆ ಈ ಸಲಿಗೆಯು ಕಾಣದೆ ಹೋಯಿತು.

ಆ ನಗೆಯನ್ನು ನಕ್ಕವರ ಗತಿಯಾದರೋ ಶೋಚನೀಯ. 1697ರಲ್ಲಿ ಅತ್ಲಾಸೋವನೆಂಬ ಕೊಸಾಕನು ಈ ನಾಡನ್ನು ಹೊಕ್ಕ ಬಳಿಕ ತುಪ್ಪುಳದ ಚರ್ಮಗಳ ಕಪ್ಪವನ್ನು ಕ್ರೂರವಾಗಿ ಎಳೆದರು. 1731ರಲ್ಲಿ ಜನರು ದಂಗೆಯೆದ್ದರು. ಅದನ್ನು ನಿರ್ದಯವಾಗಿ ಅಡಗಿಸಲಾಯಿತು. 1740ರ ದಶಕದಲ್ಲಿ ಮತಾಂತರವು ವಿಸ್ತಾರವಾಗಿ ನಡೆಯಿತು. 1768-69ರ ಸಿಡುಬು ಗ್ರಾಮಗ್ರಾಮಗಳನ್ನೇ ಬರಿದುಮಾಡಿತು. ಇಂದು ಆ ಭಾಷೆಯನ್ನು ಚೆನ್ನಾಗಿ ಬಲ್ಲವರು ಅತ್ಯಲ್ಪರು, ಅವರೂ ವೃದ್ಧರು.

ಕುತ್ಖನ ಮೂರ್ಖತನವನ್ನು ಲೋಕಕ್ಕೆ ತಿಳಿಸಿದ ಲೇಖನಿಗಳು ಪರಕೀಯರವು. ಅವರು ಬರೆದಿಡದಿದ್ದರೆ ಆ ಕಥೆಗಳಲ್ಲಿ ಎಷ್ಟೋ ನಷ್ಟವಾಗುತ್ತಿದ್ದುವು. ಆದುದರಿಂದ ಅವರ ಉಪಕಾರವು ಸಣ್ಣದಲ್ಲ. ಆದರೆ ಕೇಳಿದುದನ್ನು ಯಥಾವತ್ತಾಗಿ ಬರೆದುಕೊಳ್ಳುವುದು ಬೇರೆ, ಅದರ ಅರ್ಥವನ್ನು ನಿರ್ಣಯಿಸುವುದು ಬೇರೆ. ಒಂದು ಜನಾಂಗದ ನಗೆಯನ್ನು ಅರಿಯದವನು ಅದರ ದೇವರನ್ನು ಅರಿತೆನೆನ್ನುವುದು ಸಾಹಸವೇ ಸರಿ.